ಕಾಲ್ಚೆಂಡಿನ ಡಾಕ್ಟರರು: ತಾಲಿಮೆರೆನ್ ಆವೋ

ಈ ವರ್ಷದ ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲದ ಮಿತ್ರರು ಕೇಳಿದಾಗ ನನಗೆ ಸಂಕೋಚವೇ ಆಯಿತು. ನಾನು ಲೇಖಕನಲ್ಲ. ಈ ಕಾಲೇಜಿನಲ್ಲಿ ನಾನು ಓದಿದ್ದಕ್ಕಿಂತ ಆಡಿದ್ದೇ ಹೆಚ್ಚು. ವರ್ಗದಲ್ಲಿ ನನ್ನನ್ನು ಕಾಣದ ಅಧ್ಯಾಪಕರು ಕಿಟಕಿಯಿಂದ ಮೈದಾನದ ಕಡೆಗೆ ನೋಡಿದರೆ ಸಾಕು, ನಾನು ಅಲ್ಲಿ ಇರುತ್ತಿದ್ದೆ. ಅಂಥವನು ವಿದ್ಯಾರ್ಥಿಗಳಿಗೆ ಹೇಳುವುದಾದರೂ ಏನು? ಬಹಳ ಯೋಚಿಸಿದ ಮೇಲೆ, ನನಗಿಂತ ನೂರು ಪಾಲು ಚೆನ್ನಾಗಿ ಆಡಿದ, ನನಗಿಂತ ನೂರು ಪಾಲು ಚೆನ್ನಾಗಿ ಓದಿದ ಒಬ್ಬ ಮಹನೀಯರ ಜೀವನವನ್ನು ತಿಳಿದ ಮಟ್ಟಿಗೆ ಹೇಳುವುದೇ ಲೇಸೆಂದು ತೋರಿತು. ಅವರೇ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಕಾಲ್ಚೆಂಡಿನ ತಂಡದ ನಾಯಕರಾಗಿದ್ದ ಡಾಕ್ಟರ್ ತಾಲಿಮೆರೆನ್ ಆವೋ. ಆದರೆ ಎಲ್ಲಿಯ ನಾಗಾ ಬೆಟ್ಟ, ಎಲ್ಲಿಯ ವಿಜಾಪುರದ ಎರಿ ಭೂಮಿ! ಆ ಹೆಸರು ನನ್ನ ಬಾಳಿನೊಳಗೆ ಹೇಗೆ ಬಂದಿತೆಂಬುದನ್ನು ಮೊದಲು ಹೇಳದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಆದ್ದರಿಂದ ನನ್ನ ಮಾತನ್ನು ಸ್ವಲ್ಪದರಲ್ಲಿಯೇ ಮುಗಿಸಿ ಅವರ ಕಡೆಗೆ ಬರುತ್ತೇನೆ.

ನಾನು ಬಸವನ ಬಾಗೇವಾಡಿ ತಾಲೂಕಿನ ಒಂದು ಹಳ್ಳಿಯವನು. 1972ರಲ್ಲಿ ಬಿ.ಎ. ಮೊದಲ ವರ್ಷಕ್ಕೆ ಸೇರಿದೆ. ಆಗ ನಮ್ಮ ತಂಡದಲ್ಲಿ ನಾಲ್ಕು ತಾಲೂಕುಗಳ ಹುಡುಗರಿದ್ದರು. ಗೋಲು ಕಾಯುವವನು ಇಂಡಿಯವನು. ಮುಂದಿನ ಸಾಲಿನಲ್ಲಿ ಓಡುವ ಇಬ್ಬರು ಸಿಂದಗಿಯ ಕಡೆಯವರು. ಎಡಗಡೆಯ ಮೂಲೆಯಲ್ಲಿ ಗಾಳಿಯಂತೆ ಸುಳಿಯುತ್ತಿದ್ದವನು ಮುದ್ದೇಬಿಹಾಳದವನು. ನಡುವೆ ಸೆಂಟರ್ ಹಾಫ್ ಆಗಿ ನಾನು. ಹನ್ನೊಂದು ಜನರಿಗೆ ಸೇರಿ ಬೂಟುಗಳು ಎರಡೇ ಜೊತೆ. ಅವೂ ಯಾರ ಕಾಲಿಗೂ ಸರಿಯಾಗಿ ಕೂಡುತ್ತಿರಲಿಲ್ಲವಾದ್ದರಿಂದ ಎಲ್ಲರೂ ಬರಿಗಾಲಿನಲ್ಲಿಯೇ ಆಡುತ್ತಿದ್ದೆವು. ಬೇಸಿಗೆಯಲ್ಲಿ ನಮ್ಮ ಎರಿ ನೆಲ ಅಂಗೈ ಅಗಲ ಬಿರಿಯುತ್ತಿತ್ತು. ಓಡುವಾಗ ಕಾಲು ಬಿರುಕಿನೊಳಗೆ ಸಿಕ್ಕಿ ಉಳುಕುತ್ತಿತ್ತು. ಮಳೆ ಬಿದ್ದರೆ ಅದೇ ಮಣ್ಣು ಅಂಟಿನಂತೆ ಹತ್ತಿ ಒಂದೊಂದು ಕಾಲೂ ಎರಡೆರಡು ಸೇರು ಭಾರವಾಗುತ್ತಿತ್ತು. ಇಂಥ ನೆಲದಲ್ಲಿ ಕಲಿತವರಿಗೆ ಬೇರೆ ಊರಿನ ಹುಲ್ಲುಮೈದಾನ ಸಿಕ್ಕರೆ ಗರಿ ಬಂದಂತಾಗುತ್ತಿತ್ತು.

ಅದು ಬರಗಾಲದ ಕಾಲವೂ ಹೌದು. 1972 ಮತ್ತು 1973ರ ಬರವನ್ನು ನಮ್ಮ ಜಿಲ್ಲೆಯ ಹಿರಿಯರು ಇನ್ನೂ ಮರೆತಿಲ್ಲ. ಜೋಳದ ಹೊಲಗಳು ಬರಿದಾಗಿದ್ದವು. ನಾಲ್ಕು ಎತ್ತಿನ ಒಕ್ಕಲುತನದ ನನ್ನ ಅಪ್ಪ, ಎತ್ತುಗಳನ್ನು ಮಾರಿ, ಸರಕಾರದ ಬರಗಾಲ ಕಾಮಗಾರಿಯ ಮೇಲೆ ಖಡಿ ಒಡೆಯಲು ಕುಳಿತರು. ಆ ಕೂಲಿಯಲ್ಲಿ ಮನೆಯ ರೊಟ್ಟಿಗೆ ಒಂದು ಪಾಲು, ನನ್ನ ಫೀಸಿಗೆ ಒಂದು ಪಾಲು. ಅವರಿಗೆ ಓದು ಬರುತ್ತಿರಲಿಲ್ಲ. ಮಗನು ಮಾಸ್ತರನಾಗಬೇಕೆಂಬುದೊಂದೇ ಅವರ ಆಸೆ. ಅದನ್ನು ಅವರು ಬಾಯಿಬಿಟ್ಟು ಹೇಳಿದ್ದು ಒಂದೇ ಸಾರಿ. ನಾನು ಆಗಲಿ ಎಂದಿದ್ದೆ.

1975ರಲ್ಲಿ ಅಂತಿಮ ವರ್ಷದ ಪರೀಕ್ಷೆ ನಡೆದಿರುವಾಗಲೇ ಸೊಲ್ಲಾಪುರದಲ್ಲಿ ಒಂದು ಪಂದ್ಯಾವಳಿ ಬಂದಿತು. ಹೊರಗಿನವರೊಬ್ಬರು ತಮ್ಮ ತಂಡಕ್ಕೆ ನನ್ನನ್ನು ಕರೆದರು. ಹಣವೂ ಇದೆ, ಹೊಸ ಬೂಟುಗಳೂ ಇವೆ ಎಂದರು. ಇನ್ನು ಎರಡು ಪತ್ರಿಕೆಗಳು ಉಳಿದಿದ್ದವು. ಪರೀಕ್ಷೆ ಮತ್ತೆ ಬರುತ್ತದೆ, ಇಂಥ ಅವಕಾಶ ಮತ್ತೆ ಬರುವುದಿಲ್ಲವೆಂದು ನನಗೆ ನಾನೇ ಹೇಳಿಕೊಂಡು ಬೆಳಗಿನ ಮೀಟರ್ ಗೇಜ್ ಗಾಡಿ ಹತ್ತಿದೆ. ಗಾಡಿ ಇಂಡಿ ರೋಡ್ ದಾಟುವ ಹೊತ್ತಿಗೆ ಇಲ್ಲಿ ನನ್ನ ಗೆಳೆಯರು ಉತ್ತರ ಬರೆಯಲು ಕುಳಿತಿದ್ದರು. ಆ ಪಂದ್ಯದಲ್ಲಿ ನಾವು ಸೋತೆವು. ನನ್ನ ಬಲ ಮೊಣಕಾಲೂ ತಿರುಚಿತು. ಹೇಳಿದ ಹಣ ಬರಲಿಲ್ಲ. ಊರಿಗೆ ಬಂದಾಗ ಅಪ್ಪ ಬಯ್ಯಲಿಲ್ಲ, ಕೇಳಲಿಲ್ಲ. ಕುಡಗೋಲು ತೆಗೆದುಕೊಂಡು ಹೊಲಕ್ಕೆ ಹೋದರು. ಅವರು ಬಯ್ದಿದ್ದರೆ ಚೆನ್ನಾಗಿತ್ತೆಂದು ನನಗೆ ಎಷ್ಟೋ ಸಾರಿ ಅನಿಸಿದೆ.

ಮೊಣಕಾಲು ವಾಸಿಯಾದ ಮೇಲೆ, 1976ರಲ್ಲಿ ಬೆಳಗಾವಿಗೆ ಹೋಗಿ ಸಿಪಾಯಿಯಾಗಿ ಸೈನ್ಯ ಸೇರಿದೆ. ಮೂರು ವರ್ಷಗಳ ಮೇಲೆ ನಮ್ಮ ತುಕಡಿಯನ್ನು ಕೊಹಿಮಾಕ್ಕೆ ಕಳಿಸಿದರು. ಅಲ್ಲಿ ಸಂಜೆಯಾದರೆ ಸಾಕು, ಬೆಟ್ಟದ ಇಳಿಜಾರನ್ನು ಕಡಿದು ಸಮ ಮಾಡಿದ ತುಂಡು ನೆಲದಲ್ಲಿ ನಾಗಾ ಹುಡುಗರು ಚೆಂಡು ಒದೆಯುತ್ತಿದ್ದರು. ಚೆಂಡು ತಪ್ಪಿದರೆ ಕಣಿವೆಯೊಳಗೆ ಇಳಿದು ತರಬೇಕು. ಆ ಚಳಿಯಲ್ಲಿಯೂ ಹಲವರು ಬರಿಗಾಲಿನವರು. ನನ್ನ ಹಳೆಯ ಮೊಣಕಾಲು ಮತ್ತೆ ಊದಿಕೊಂಡಾಗ, ಪಟ್ಟಿ ಕಟ್ಟಲು ಬಂದ ಅಲ್ಲಿಯ ಹಿರಿಯ ಕಂಪೌಂಡರರೊಬ್ಬರು ಯಾವ ಆಟದಲ್ಲಿ ಪೆಟ್ಟಾಯಿತೆಂದು ವಿಚಾರಿಸಿದರು. ಕಾಲ್ಚೆಂಡು ಎಂದೊಡನೆ ಅವರ ಮುಖ ಅರಳಿತು. ತಾವು ಕೈಕೆಳಗೆ ದುಡಿದ ದೊಡ್ಡ ಡಾಕ್ಟರರ ಕಥೆಯನ್ನು ಹರಕು ಹಿಂದಿಯಲ್ಲಿ ಹೇಳತೊಡಗಿದರು. ಆ ಡಾಕ್ಟರರು ನಿವೃತ್ತರಾಗಿ ಆಗ ಒಂದೇ ವರ್ಷವಾಗಿತ್ತು. ನಾನು ಅವರನ್ನು ಕಣ್ಣಾರೆ ಕಾಣಲಿಲ್ಲ. ಆದರೆ ಅಂದು ಕೇಳಿದ್ದನ್ನೂ ಆ ಬಳಿಕ ಓದಿ ತಿಳಿದುಕೊಂಡದ್ದನ್ನೂ ಕೂಡಿಸಿ ಇಲ್ಲಿ ಹೇಳುತ್ತೇನೆ.

ತಾಲಿಮೆರೆನ್ ಆವೋ ಅವರು ಹುಟ್ಟಿದ್ದು 1918ರ ಜನವರಿ 28ರಂದು, ಚಾಂಗ್ಕಿ ಎಂಬ ಹಳ್ಳಿಯಲ್ಲಿ. ಈಗ ಅದು ನಾಗಾಲ್ಯಾಂಡ್ ರಾಜ್ಯದ ಮೊಕೊಕ್ಚುಂಗ್ ಜಿಲ್ಲೆಗೆ ಸೇರಿದೆ. ಆಗ ಅಸ್ಸಾಮಿನ ನಾಗಾ ಹಿಲ್ಸ್ ಜಿಲ್ಲೆಯಾಗಿತ್ತು. ಆವೋ ಎಂಬುದು ನಾಗಾ ಜನರ ಒಂದು ಪಂಗಡದ ಹೆಸರು. ತಂದೆ ಸುಬೊಂಗ್ವಾತಿ ಅವರು ಕ್ರೈಸ್ತ ಧರ್ಮಗುರುಗಳು. ಹನ್ನೆರಡು ಮಕ್ಕಳ ದೊಡ್ಡ ಕುಟುಂಬದಲ್ಲಿ ಇವರು ನಾಲ್ಕನೆಯವರು. ಬಾಲ್ಯದಲ್ಲಿಯೇ ಕುಟುಂಬವು ಇಂಪುರಕ್ಕೆ ಬಂದು ನೆಲೆಸಿತು. ಅಮೆರಿಕದ ಬ್ಯಾಪ್ಟಿಸ್ಟ್ ಮಿಶನ್ನಿನವರು ಅಲ್ಲಿ ಶಾಲೆಯನ್ನು ನಡೆಸುತ್ತಿದ್ದರು. ಆ ಮಿಶನ್ನಿನ ಬಯಲಿನಲ್ಲಿ ಹುಡುಗರಿಗೆ ಕಾಲ್ಚೆಂಡಿನ ಹುಚ್ಚು ಹತ್ತಿತ್ತು. ತೊಗಲಿನ ಚೆಂಡು ಎಲ್ಲಿಂದ ಬರಬೇಕು? ಹರಕು ಬಟ್ಟೆಗಳನ್ನು ಉಂಡೆಮಾಡಿ ಹೊಲಿದು ಅದನ್ನೇ ಒದೆಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಚಿಂದಿಯ ಚೆಂಡು ಮಾಡಿ ಲಗೋರಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆಯ ಚೆಂಡು ಪುಟಿಯುವುದಿಲ್ಲ. ಅದನ್ನು ಕಾಲಿನ ಹತ್ತಿರವೇ ಇಟ್ಟುಕೊಂಡು ಸಾಗಿಸಬೇಕು. ಕಾಲಿನ ಹಿಡಿತ ಕಲಿಯಲು ಅದಕ್ಕಿಂತ ಒಳ್ಳೆಯ ಗುರು ಇಲ್ಲವೆಂದು ಆಡಿದವನಾಗಿ ನಾನೂ ಹೇಳಬಲ್ಲೆ.

ಇಂಪುರದ ಓದು ಮುಗಿದ ಮೇಲೆ ಹುಡುಗನನ್ನು ಅಸ್ಸಾಮಿನ ಜೋರ್ಹಾಟ್‌ಗೆ ಕಳಿಸಿದರು. ಅಲ್ಲಿಯ ಮಿಶನ್ ಶಾಲೆಯಲ್ಲಿ ಓದಿನೊಡನೆ ಆಟವೂ ಬೆಳೆಯಿತು. ಅಷ್ಟರಲ್ಲಿ, 1935ರಲ್ಲಿ, ತಂದೆಯವರು ವಿಷಮಜ್ವರದಿಂದ ತೀರಿಕೊಂಡರು. ಬೆಟ್ಟದ ಹಳ್ಳಿಗಳಲ್ಲಿ ಜ್ವರ ಬಂದವನಿಗೆ ಔಷಧ ಕೊಡಬಲ್ಲವರು ಅತಿ ವಿರಳವಾಗಿದ್ದ ಕಾಲ ಅದು. ಮಗನು ಡಾಕ್ಟರನಾಗಿ ತನ್ನ ಜನರ ಸೇವೆಗೆ ನಿಲ್ಲಬೇಕೆಂಬುದು ಆ ತಂದೆಯ ಕೊನೆಯ ಬಯಕೆಯಾಗಿತ್ತು. ಆಗ ತಾಲಿಮೆರೆನ್ ಹದಿನೇಳು ವರ್ಷದ ಹುಡುಗ. ಮುಂದಿನ ಅವರ ಬಾಳನ್ನೆಲ್ಲ ತಿರುವಿ ನೋಡಿದರೆ, ಎಲ್ಲ ಕವಲು ದಾರಿಗಳಲ್ಲಿಯೂ ಅವರು ಯಾವ ಕಡೆಗೆ ತಿರುಗಿದರು ಎಂಬುದಕ್ಕೆ ಉತ್ತರವು ಈ ಒಂದು ಸಂಗತಿಯಲ್ಲಿ ದೊರೆಯುತ್ತದೆ.

ಮುಂದೆ ಅವರು ಗೌಹಾಟಿಯ ಕಾಟನ್ ಕಾಲೇಜಿಗೆ ಸೇರಿದರು. 1901ರಲ್ಲಿ ಸ್ಥಾಪಿತವಾದ ಆ ಕಾಲೇಜು ಈಗ ವಿಶ್ವವಿದ್ಯಾಲಯವಾಗಿದೆ. ಅಲ್ಲಿ ಇಂಟರ್‌ಮೀಡಿಯೆಟ್ ವಿಜ್ಞಾನದ ಓದು. ವಾಲಿಬಾಲ್, ಉದ್ದ ಜಿಗಿತ, ಓಟ, ಕಾಲ್ಚೆಂಡು, ಹೀಗೆ ಯಾವ ಸ್ಪರ್ಧೆಯಿದ್ದರೂ ಅವರ ಹೆಸರು ಇರಲೇಬೇಕು. ಊರಿನ ಮಹಾರಾಣಾ ಕ್ಲಬ್ ಎಂಬ ತಂಡದವರೂ ಅವರನ್ನು ಕರೆದುಕೊಂಡರು. ಎತ್ತರದ ಆಳು, ಗಟ್ಟಿಯಾದ ಮೈಕಟ್ಟು, ಶಾಂತ ಸ್ವಭಾವ. ಮೊದಮೊದಲು ಮುಂದಿನ ಸಾಲಿನಲ್ಲಿ ಆಡಿದವರು ಬರಬರುತ್ತ ನಡುವಿನ ಸಾಲಿಗೆ ಬಂದರು. ನಡುವಿನ ಸಾಲಿನ ಆಟಗಾರನ ಕೆಲಸವೇನೆಂಬುದನ್ನು ಆಟ ಬಲ್ಲವರು ಅರಿತಿದ್ದಾರೆ. ಗೋಲು ಹೊಡೆದು ಹೆಸರು ಪಡೆಯುವವರು ಮುಂದಿನವರು. ಎದುರಾಳಿಯಿಂದ ಚೆಂಡನ್ನು ಕಿತ್ತು, ಮುಂದಿನವರ ಕಾಲಿಗೆ ಕೊಟ್ಟು, ಮತ್ತೆ ಹಿಂದಕ್ಕೋಡಿ ಕಾವಲು ನಿಲ್ಲುವವನು ನಡುವಿನವನು. ಅವನ ದುಡಿಮೆ ಹೆಚ್ಚು, ಚಪ್ಪಾಳೆ ಕಡಿಮೆ. ಆವೋ ಅವರು ಕೊನೆಯವರೆಗೂ ಆ ಜಾಗದಲ್ಲಿಯೇ ಆಡಿದರು.

1942ರಲ್ಲಿ ಕಲಕತ್ತೆಯ ಕಾರ್ಮೈಕೇಲ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಪ್ರವೇಶ ದೊರೆಯಿತು. ಇದೇ ಕಾಲೇಜಿಗೆ 1948ರಲ್ಲಿ ಅದರ ಸ್ಥಾಪಕರಾದ ಡಾಕ್ಟರ್ ರಾಧಾಗೋವಿಂದ ಕರ್ ಅವರ ಹೆಸರನ್ನು ಇಟ್ಟರು. ಬೆಟ್ಟದ ಹಳ್ಳಿಯಿಂದ ಬಂದ ತರುಣನಿಗೆ ಕಲಕತ್ತೆ ಎಂದರೆ ಬೇರೆಯ ಜಗತ್ತೇ ಸರಿ. ಅದೂ ಎಂಥ ವರ್ಷಗಳು! ಮಹಾಯುದ್ಧ ನಡೆದಿತ್ತು. 1943ರಲ್ಲಿ ಬಂಗಾಲದ ಭೀಕರ ಬರ. ಅನ್ನವಿಲ್ಲದೆ ಜನರು ಕಲಕತ್ತೆಯ ಬೀದಿಗಳಲ್ಲಿ ಸಾಯುತ್ತಿದ್ದರು. 1944ರಲ್ಲಿ ಯುದ್ಧವು ಅವರ ಸ್ವಂತ ನಾಡಿಗೇ ಬಂದು ಕೊಹಿಮಾದಲ್ಲಿ ಜಪಾನೀ ಸೈನ್ಯಕ್ಕೂ ಬ್ರಿಟಿಷ್ ಇಂಡಿಯಾದ ಸೈನ್ಯಕ್ಕೂ ಘೋರ ಕಾಳಗವಾಯಿತು. 1946ರಲ್ಲಿ ಕಲಕತ್ತೆಯ ಗಲಭೆ, ಮರುವರ್ಷ ದೇಶದ ವಿಭಜನೆ. ಇಷ್ಟೆಲ್ಲದರ ನಡುವೆ ಒಬ್ಬ ವಿದ್ಯಾರ್ಥಿ ಹಗಲು ಶರೀರಶಾಸ್ತ್ರ ಓದುತ್ತ ಸಂಜೆ ಮೈದಾನಕ್ಕೆ ಇಳಿಯುತ್ತಿದ್ದರು.

1943ರಲ್ಲಿ ಅವರು ಮೋಹನ್ ಬಾಗಾನ್ ತಂಡವನ್ನು ಸೇರಿದರು. ಈ ತಂಡದ ಹೆಸರು ಕೇಳಿದರೆ ಬಂಗಾಲದವರು ಇಂದಿಗೂ ಎದೆಯುಬ್ಬಿಸುತ್ತಾರೆ. ಅದಕ್ಕೆ ಕಾರಣವುಂಟು. 1911ರ ಜುಲೈ 29ರಂದು ಐ.ಎಫ್.ಎ. ಶೀಲ್ಡ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಗೋರಾ ಸಿಪಾಯಿಗಳನ್ನು 2–1 ಗೋಲುಗಳಿಂದ ಸೋಲಿಸಿತ್ತು. ಸಿಪಾಯಿಗಳು ಬೂಟು ತೊಟ್ಟಿದ್ದರು. ಮೋಹನ್ ಬಾಗಾನಿನ ಹನ್ನೊಂದರಲ್ಲಿ ಹತ್ತು ಜನ ಬರಿಗಾಲಿನವರು. ಆಳುವವರನ್ನು ಅವರದೇ ಆಟದಲ್ಲಿ ಗೆದ್ದ ಆ ದಿನವನ್ನು ಸ್ವಾತಂತ್ರ್ಯ ಸಂಗ್ರಾಮದ ಒಂದು ಪುಟವೆಂದೇ ಜನರು ಎಣಿಸಿದರು. ಇಂಥ ತಂಡದಲ್ಲಿ ಆವೋ ಅವರು ಹಲವು ವರ್ಷ ಆಡಿದರು. ಅದರ ನಾಯಕರೂ ಆದರು. ಬೆಟ್ಟದ ನಾಡಿನ ತರುಣನೊಬ್ಬ ಕಲಕತ್ತೆಯ ಅಭಿಮಾನದ ತಂಡಕ್ಕೆ ಮುಂದಾಳಾಗುವುದು ಸಾಮಾನ್ಯ ಸಂಗತಿಯಲ್ಲ.

ವಿದ್ಯಾರ್ಥಿಗಳು ಒಂದು ಮಾತನ್ನು ಗಮನಿಸಬೇಕು. 1942ರಲ್ಲಿ ಕಾಲೇಜು ಸೇರಿದವರು ಪದವಿ ಪಡೆದದ್ದು 1950ರಲ್ಲಿ, ಎಂಟು ವರ್ಷಗಳು. ಆದರೆ ಈ ಎಂಟು ವರ್ಷಗಳಲ್ಲಿ ಅವರು ಓದನ್ನು ಬಿಟ್ಟುಬಿಡುವ ಯೋಚನೆಗೆ ಎಡೆಗೊಡಲಿಲ್ಲ. ಕೈಯಲ್ಲಿದ್ದ ಎರಡು ಹೊರೆಗಳಲ್ಲಿ ಯಾವುದನ್ನೂ ಕೆಳಗಿಡದೆ ನಿಧಾನವಾಗಿ ನಡೆದರು.

1948ರ ಬೇಸಿಗೆಯಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ ಆಟಗಳು ನಡೆದವು. ಮಹಾಯುದ್ಧದ ಕಾರಣದಿಂದ 1940 ಮತ್ತು 1944ರ ಆಟಗಳು ನಡೆದಿರಲಿಲ್ಲ. ಭಾರತವು ಸ್ವತಂತ್ರವಾಗಿ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಗಾಂಧೀಜಿಯವರನ್ನು ಕಳೆದುಕೊಂಡು ಆರೇ ತಿಂಗಳಾಗಿತ್ತು. ಅಂಥ ಹೊತ್ತಿನಲ್ಲಿ ಕಾಲ್ಚೆಂಡಿನ ತಂಡದ ನಾಯಕತ್ವವನ್ನು ಮೂವತ್ತು ವರ್ಷದ ವೈದ್ಯಕೀಯ ವಿದ್ಯಾರ್ಥಿ ಆವೋ ಅವರಿಗೆ ಕೊಟ್ಟರು. ಜುಲೈ 29ರಂದು ವೆಂಬ್ಲಿ ಕ್ರೀಡಾಂಗಣದಲ್ಲಿ ಉದ್ಘಾಟನೆಯ ಮೆರವಣಿಗೆ ನಡೆದಾಗ ಭಾರತೀಯರ ಮುಂದೆ ತ್ರಿವರ್ಣ ಧ್ವಜವನ್ನು ಹಿಡಿದು ನಡೆದವರೂ ಅವರೇ. ಒಲಿಂಪಿಕ್ ಅಂಗಳದಲ್ಲಿ ಸ್ವತಂತ್ರ ಭಾರತದ ಧ್ವಜವು ಮೊದಲ ಬಾರಿಗೆ ಹಾರಿದ್ದು ಒಬ್ಬ ನಾಗಾ ತರುಣನ ಕೈಯಲ್ಲಿ. ಮೋಹನ್ ಬಾಗಾನಿನ ಗೆಲುವಿಗೆ ಅಂದೇ ಮೂವತ್ತೇಳು ವರ್ಷ ತುಂಬಿತ್ತೆಂಬುದೂ ಒಂದು ಯೋಗಾಯೋಗ.

ಎರಡು ದಿನಗಳ ಮೇಲೆ, ಜುಲೈ 31ರಂದು, ಲಂಡನ್ನಿನ ಹತ್ತಿರದ ಇಲ್‌ಫರ್ಡ್ ಎಂಬಲ್ಲಿ ಭಾರತಕ್ಕೂ ಫ್ರಾನ್ಸಿಗೂ ಪಂದ್ಯ. ಸುಮಾರು 17,000 ಜನ ಸೇರಿದ್ದರೆಂದು ಲೆಕ್ಕ. ಭಾರತದ ಹನ್ನೊಂದು ಜನರಲ್ಲಿ ಎಂಟು ಜನ ಬರಿಗಾಲಿನಲ್ಲಿ ಇಳಿದದ್ದನ್ನು ಕಂಡು ಆ ಜನರು ಬೆರಗಾದರು. ನಮ್ಮ ಕನ್ನಡ ನಾಡಿಗೂ ಈ ಪಂದ್ಯಕ್ಕೂ ಹತ್ತಿರದ ನಂಟುಂಟು. ಆ ತಂಡದಲ್ಲಿ ಮೈಸೂರು ಸಂಸ್ಥಾನದ ಕಡೆಯಿಂದ ಆಡುತ್ತಿದ್ದ ಬೆಂಗಳೂರಿನ ಹುಡುಗರಿದ್ದರು, ಎಸ್. ರಾಮನ್ ಮತ್ತು ಅಹಮದ್ ಖಾನ್ ಅವರಲ್ಲಿ ಮುಖ್ಯರು. ಅದಕ್ಕೆ ಹಿಂದಿನ 1946–47ರ ಋತುವಿನಲ್ಲಿ ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು ಗೆದ್ದು ಬಂಗಾಲದವರ ಕಣ್ಣನ್ನು ತನ್ನ ಕಡೆಗೆ ತಿರುಗಿಸಿಕೊಂಡಿತ್ತು.

ಪಂದ್ಯದ ಮೊದಲ ಅರ್ಧದಲ್ಲಿಯೇ ಫ್ರಾನ್ಸಿನವರು ಒಂದು ಗೋಲು ಹೊಡೆದರು. ಆದರೆ ನಮ್ಮವರು ಧೃತಿಗೆಡಲಿಲ್ಲ. ಎಪ್ಪತ್ತನೆಯ ನಿಮಿಷದಲ್ಲಿ ರಾಮನ್ ಚೆಂಡನ್ನು ಬಲೆಗೆ ಸೇರಿಸಿ ಸಮ ಮಾಡಿದರು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಅದನ್ನು ಹೊಡೆದ ಕಾಲು ಬೆಂಗಳೂರಿನದೆಂದು ನಾವು ಹೆಮ್ಮೆಪಡಬಹುದು. ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿ ಒದೆತಗಳೂ ದೊರೆತವು. ದೈವ ಒಲಿಯಲಿಲ್ಲ. ಒಂದನ್ನು ಶೈಲೇನ್ ಮನ್ನಾ, ಇನ್ನೊಂದನ್ನು ಮಹಾಬೀರ್ ಪ್ರಸಾದ್ ತಪ್ಪಿಸಿಕೊಂಡರು. ಆಟ ಮುಗಿಯಲು ಒಂದೇ ನಿಮಿಷವಿರುವಾಗ ಫ್ರಾನ್ಸಿನವರು ಎರಡನೆಯ ಗೋಲು ಹೊಡೆದು 2–1ರಿಂದ ಗೆದ್ದರು. ಸೋತರೂ ನಮ್ಮವರ ಆಟಕ್ಕೆ ಆ ಊರಿನ ಜನ ಮನದುಂಬಿ ಚಪ್ಪಾಳೆ ತಟ್ಟಿದರು. ಬರಿಗಾಲಿನಲ್ಲಿ ಏಕೆ ಆಡುತ್ತೀರೆಂದು ಪತ್ರಿಕೆಯವರು ಕೇಳಿದಾಗ, ಕಾಲಿನಿಂದ ಆಡುವುದೇ ಕಾಲ್ಚೆಂಡು, ನಿಮ್ಮದು ಬೂಟಿನ ಚೆಂಡು ಎಂಬರ್ಥದಲ್ಲಿ ಆವೋ ಅವರು ನಗುತ್ತ ಉತ್ತರಿಸಿದರೆಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ. ಸೋತ ಬೇಸರದಲ್ಲಿಯೂ ಮುಖದ ನಗೆ ಮಾಸದಿರುವುದು ನಾಯಕನ ಲಕ್ಷಣ.

ಬರಿಗಾಲಿನ ಆಟಕ್ಕೆ ಒಂದು ಮಿತಿಯೂ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ನಾಲ್ಕು ವರ್ಷಗಳ ಮೇಲೆ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯದ ಎದುರು ಭಾರತವು 10–1ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ನಮ್ಮ ಅಹಮದ್ ಖಾನ್. ಆ ಬಳಿಕ ಬೂಟು ಕಡ್ಡಾಯವಾಯಿತು. ಕಾಲಕ್ಕೆ ತಕ್ಕಂತೆ ಬದಲಾಗಲೇಬೇಕು. ಆದರೆ 1948ರ ಆ ಹನ್ನೊಂದು ಜನರ ಮಾನವನ್ನು ಅದು ಕಡಿಮೆ ಮಾಡುವುದಿಲ್ಲ.

ಇನ್ನು ಆವೋ ಅವರ ಬಾಳಿನ ದೊಡ್ಡ ಕವಲು. ಲಂಡನ್ನಿನಲ್ಲಿ ಅವರ ಆಟವನ್ನು ಕಂಡ ಆರ್ಸೆನಲ್ ಎಂಬ ಹೆಸರಾಂತ ತಂಡದವರು ಒಂದು ವರ್ಷದ ಮಟ್ಟಿಗೆ ತಮ್ಮಲ್ಲಿ ಆಡಲು ಕರೆದರೆಂದು ಹೇಳುತ್ತಾರೆ. ಇಂದು ಆ ತಂಡದ ಹೆಸರು ಬರೆದ ಅಂಗಿ ತೊಟ್ಟ ಹುಡುಗರನ್ನು ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿಯೂ ಕಾಣುತ್ತೇವೆ. ಅಂಥ ತಂಡದ ಕರೆ! ಕೀರ್ತಿಯಿತ್ತು, ಹಣವಿತ್ತು, ಭಾರತದವರಾರೂ ಕಾಣದ ದಾರಿಯಿತ್ತು. ಆದರೆ ಅತ್ತ ಕಲಕತ್ತೆಯಲ್ಲಿ ಪರೀಕ್ಷೆಗಳು ಉಳಿದಿದ್ದವು. ತಂದೆಗೆ ಕೊಟ್ಟ ಮಾತು ಹದಿಮೂರು ವರ್ಷ ಹಳೆಯದಾಗಿತ್ತು. ಮಾತು ಪಡೆದವರು ಬದುಕಿರಲಿಲ್ಲ. ಕೇಳುವವರು ಯಾರೂ ಇರಲಿಲ್ಲ. ಅವರು ಇಂಗ್ಲೆಂಡಿನಲ್ಲಿ ಉಳಿಯಲಿಲ್ಲ. ತಿರುಗಿ ಬಂದು ಪುಸ್ತಕ ಹಿಡಿದರು. 1950ರಲ್ಲಿ ಎಂ.ಬಿ.ಬಿ.ಎಸ್. ಆದರು.

ಕೊಹಿಮಾದ ಆ ಕಂಪೌಂಡರರು ಇಷ್ಟು ಹೇಳಿ ಪಟ್ಟಿ ಕಟ್ಟುವುದನ್ನು ಮುಂದುವರಿಸಿದರು. ನಾನು ಮಾತ್ರ ತಲೆ ತಗ್ಗಿಸಿ ಕುಳಿತೆ. ಆರ್ಸೆನಲ್ಲಿನ ಕರೆಯನ್ನು ಒಬ್ಬರು ಪರೀಕ್ಷೆಗಾಗಿ ಬಿಟ್ಟರು. ಸೊಲ್ಲಾಪುರದ ಒಂದು ಜೊತೆ ಬೂಟಿಗಾಗಿ ಇನ್ನೊಬ್ಬ ಪರೀಕ್ಷೆ ಬಿಟ್ಟ. ಅವರ ತಂದೆ ಮಣ್ಣಾಗಿ ಹದಿಮೂರು ವರ್ಷ. ನನ್ನ ತಂದೆ ಖಡಿ ಒಡೆಯುತ್ತ ಜೀವಂತ ಕುಳಿತಿದ್ದರು.

ಡಾಕ್ಟರಾದ ಮೇಲೂ ಆವೋ ಅವರು ಕಲಕತ್ತೆಯಲ್ಲಿ ದವಾಖಾನೆ ತೆರೆದು ಕೂಡಬಹುದಿತ್ತು. ಮೋಹನ್ ಬಾಗಾನಿನ ನಾಯಕರಾಗಿದ್ದವರಲ್ಲಿ ರೋಗಿಗಳು ಬರುವುದು ಕಷ್ಟವಿರಲಿಲ್ಲ. ಆದರೆ 1953ರಲ್ಲಿ ಅವರು ಕೊಹಿಮಾದ ಸರಕಾರೀ ಆಸ್ಪತ್ರೆಗೆ ಅಸಿಸ್ಟೆಂಟ್ ಸಿವಿಲ್ ಸರ್ಜನ್ ಆಗಿ ಬಂದರು. ಆ ವರ್ಷಗಳಲ್ಲಿ ನಾಗಾ ಬೆಟ್ಟಗಳು ಶಾಂತವಾಗಿರಲಿಲ್ಲ. ಬಂಡಾಯ ಎದ್ದಿತ್ತು, ಸೈನ್ಯ ಬಂದಿತ್ತು, ನಡುವೆ ಹಳ್ಳಿಯ ಜನ ನಲುಗುತ್ತಿದ್ದರು. ದಾರಿಗಳು ಕಡಿದಾದವು, ಮಳೆಗಾಲದಲ್ಲಿ ಬೆಟ್ಟವೇ ಕುಸಿದು ರಸ್ತೆ ಮುಚ್ಚುತ್ತದೆ. ಒಂದು ಹಳ್ಳಿಯ ಮಾತು ಇನ್ನೊಂದು ಹಳ್ಳಿಗೆ ತಿಳಿಯದಷ್ಟು ಭಾಷೆಗಳು. ಇಂಥಲ್ಲಿ ತಮ್ಮವರೇ ಆದ ಒಬ್ಬ ಡಾಕ್ಟರರು ಇರುವುದೆಂದರೆ ಜನರಿಗೆ ಎಂಥ ಧೈರ್ಯವೆಂಬುದನ್ನು, ಅಲ್ಲಿ ಕೆಲವು ವರ್ಷ ಕಳೆದವನಾಗಿ ನಾನು ಊಹಿಸಬಲ್ಲೆ. 1963ರ ಡಿಸೆಂಬರ್ 1ರಂದು ನಾಗಾಲ್ಯಾಂಡ್ ಪ್ರತ್ಯೇಕ ರಾಜ್ಯವಾಯಿತು. ಮುಂದೆ ಆವೋ ಅವರು ಆ ರಾಜ್ಯದ ಆರೋಗ್ಯ ಇಲಾಖೆಯ ನಿರ್ದೇಶಕರಾದರು. 1978ರಲ್ಲಿ ನಿವೃತ್ತರಾದರು.

ಈ ಇಪ್ಪತ್ತೈದು ವರ್ಷಗಳ ಬಗ್ಗೆ ಪತ್ರಿಕೆಗಳಲ್ಲಿ ಹೆಚ್ಚು ಬರಹಗಳಿಲ್ಲ. ಲಂಡನ್ನಿನ ತೊಂಬತ್ತು ನಿಮಿಷಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಕೊಹಿಮಾದ ಇಪ್ಪತ್ತೈದು ವರ್ಷಗಳಿಗೆ ಎರಡು ಸಾಲು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಡುವಿನ ಸಾಲಿನ ಆಟಗಾರನಿಗೆ ಚಪ್ಪಾಳೆ ಕಡಿಮೆ ಎಂದು ಮೊದಲೇ ಹೇಳಿದೆನಲ್ಲವೆ? ಆಟದಲ್ಲಿ ಯಾವ ಜಾಗದಲ್ಲಿ ನಿಂತಿದ್ದರೋ ಬಾಳಿನಲ್ಲಿಯೂ ಅದೇ ಜಾಗದಲ್ಲಿ ಅವರು ನಿಂತರೆಂದು ನನಗೆ ತೋರುತ್ತದೆ. ರೋಗಿಯಿಂದ ರೋಗವನ್ನು ಕಿತ್ತು ಅವನನ್ನು ಮುಂದಕ್ಕೆ ಕಳಿಸಿ, ಮತ್ತೆ ತಮ್ಮ ಜಾಗಕ್ಕೆ ಬಂದು ನಿಲ್ಲುವ ಕೆಲಸ.

ಡಾಕ್ಟರ್ ತಾಲಿಮೆರೆನ್ ಆವೋ ಅವರು 1998ರ ಸೆಪ್ಟೆಂಬರ್ 13ರಂದು ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ನಿಧನರಾದರು. ಅಸ್ಸಾಮಿನ ಕಲಿಯಾಬೋರ್‌ನಲ್ಲಿ ಒಂದು ಕ್ರೀಡಾಂಗಣಕ್ಕೆ ಅವರ ಹೆಸರಿದೆ. ಈಶಾನ್ಯ ರಾಜ್ಯಗಳ ತಂಡಗಳು ಅವರ ಹೆಸರಿನ ಪಂದ್ಯಾವಳಿಯಲ್ಲಿ ಆಡಿವೆ. ಆದರೂ ದೇಶದ ಉಳಿದ ಭಾಗದಲ್ಲಿ, ಅದರಲ್ಲಿಯೂ ನಮ್ಮ ಕಡೆಗೆ, ಆ ಹೆಸರು ಬಲ್ಲವರು ಕಡಿಮೆ.

ನನ್ನ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇನೆ. ಅಂದು ರಾತ್ರಿ ಬ್ಯಾರಕ್ಕಿನಲ್ಲಿ ಕುಳಿತು ಅಪ್ಪನಿಗೆ ಒಂದು ಪತ್ರ ಬರೆದೆ. ಉಳಿದ ಎರಡು ಪತ್ರಿಕೆಗಳನ್ನು ಬರೆಯುತ್ತೇನೆ, ಮಾಸ್ತರನಾಗಲು ಆಗದಿದ್ದರೂ ಪದವಿಯನ್ನಂತೂ ತರುತ್ತೇನೆ ಎಂದು ತಿಳಿಸಿದೆ. ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ, ಪುಸ್ತಕಗಳನ್ನು ಟ್ರಂಕಿನಲ್ಲಿ ಹೊತ್ತು, ಪಹರೆಯ ನಡುವಿನ ಹೊತ್ತಿನಲ್ಲಿ ಓದಿದೆ. 1981ರಲ್ಲಿ ರಜೆಯ ಮೇಲೆ ಬಂದು ಪರೀಕ್ಷೆಗೆ ಕುಳಿತು ಪಾಸಾದೆ. ಆದರೆ ಅಪ್ಪ ಅದಕ್ಕೆ ಹಿಂದಿನ ಮಳೆಗಾಲದಲ್ಲಿಯೇ ತೀರಿಕೊಂಡಿದ್ದರು. ನನ್ನ ಪತ್ರವನ್ನು ಊರಿನ ಮಾಸ್ತರರಿಂದ ಎರಡು ಸಾರಿ ಓದಿಸಿ ಕೇಳಿದರೆಂದು ಅವ್ವ ಹೇಳಿದಳು. ಕೇಳಿದ ಮೇಲೆ ಏನೆಂದರೆಂದು ನಾನು ವಿಚಾರಿಸಿದೆ. ಏನೂ ಅನ್ನಲಿಲ್ಲ, ಪತ್ರವನ್ನು ಮಡಚಿ ತಾವೇ ಇಟ್ಟುಕೊಂಡರು ಎಂದಳು.

ಸೈನ್ಯದಿಂದ ನಿವೃತ್ತನಾಗಿ ಬಂದ ಮೇಲೆ ಊರಿನಲ್ಲಿಯೇ ಇದ್ದೇನೆ. ಸಂಜೆ ಶಾಲೆಯ ಬಯಲಿನಲ್ಲಿ ಹುಡುಗರಿಗೆ ಕಾಲ್ಚೆಂಡು ಕಲಿಸುತ್ತೇನೆ. ಅವರಿಗೆ ಆಡಬೇಡಿರೆಂದು ನಾನು ಹೇಳಲಾರೆ. ಈ ಲೇಖನದ ತಾತ್ಪರ್ಯವೂ ಅದಲ್ಲ. ಆವೋ ಅವರು ಆಟ ಬಿಟ್ಟು ಓದಿದವರಲ್ಲ, ಆಡುತ್ತಲೇ ಓದಿದವರು. ಎರಡರಲ್ಲಿ ಒಂದನ್ನು ಆರಿಸಲೇಬೇಕಾದ ದಿನ ಬಂದಾಗ, ಯಾರಿಗೆ ಏನು ಮಾತು ಕೊಟ್ಟಿದ್ದೇನೆಂಬುದನ್ನು ನೆನೆದು ಆರಿಸಿದವರು. ಆ ದಿನ ಎಲ್ಲರಿಗೂ ಬರುತ್ತದೆ. ಬರುವಾಗ ಅದು ಬಹಳ ಸಣ್ಣದಾಗಿ, ಬೆಳಗಿನ ಒಂದು ರೈಲಿನಂತೆ ಬರುತ್ತದೆ.

ನಮ್ಮ ಕಾಲೇಜಿನ ಮೈದಾನದಲ್ಲಿ ಈಗಲೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಹುಡುಗರು ಕೂಡಿ ಆಡುತ್ತಾರೆಂದು ಕೇಳಿ ಸಂತೋಷವಾಗಿದೆ. ಎಲ್ಲರ ಕಾಲಿನಲ್ಲಿ ಬೂಟುಗಳೂ ಇವೆಯಂತೆ. ಪರೀಕ್ಷೆಯ ವೇಳಾಪತ್ರಿಕೆ ಬಂದ ಮೇಲೆ ಒಂದು ಸಂಜೆ ಬಂದು ಅವರ ಆಟವನ್ನು ನೋಡಬೇಕೆಂದಿದ್ದೇನೆ. ಆದರೆ ಮೊದಲು ಆ ವೇಳಾಪತ್ರಿಕೆಯನ್ನು ತೋರಿಸಿರೆಂದು ಕೇಳಿಯೇ ಸೀಟಿ ಊದುವವನು ನಾನು.